ಲೆಕ್ಕ ಯಂತ್ರಕ್ಕಿರಲಿ, ಪ್ರಶ್ನೆ ನಮ್ಮದಾಗಲಿ

ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳ ಗಣಿತ ಪುಸ್ತಕದಲ್ಲಿ 'ಲೀನಿಯರ್ ಪ್ರೋಗ್ರಾಮಿಂಗ್' ಎಂಬ ಪುಟ್ಟ ಅಧ್ಯಾಯವೊಂದಿದೆ. ಅಂಕ ಗಳಿಸಲು ಇಷ್ಟು ಸುಲಭದ ಅಧ್ಯಾಯ ಇನ್ನೊಂದಿಲ್ಲವೆಂಬುದು ವಿದ್ಯಾರ್ಥಿಗಳ ನಂಬಿಕೆ. ಕೊಟ್ಟ ಅಸಮತೆಗಳಿಗೆ ಗ್ರಾಫ್ ಕಾಗದದ ಮೇಲೆ ಗೆರೆ ಎಳೆಯುವುದು, ಗೆರೆಗಳು ಸುತ್ತುವರಿದ ಜಾಗಕ್ಕೆ ಛಾಯೆ ಹಾಕುವುದು, ಅದರ ಮೂಲೆಗಳ ಅಂಕಿಗಳನ್ನು ಸೂತ್ರದಲ್ಲಿಟ್ಟು ಗರಿಷ್ಠ ಯಾವುದು, ಕನಿಷ್ಠ ಯಾವುದು ಎಂದು ಬರೆಯುವುದು. ಇಷ್ಟು ಮಾಡಿದರೆ ಅಂಕ ಖಚಿತ.

ಈ ಅಧ್ಯಾಯ ಮೊದಲು ಇನ್ನೂ ಸ್ವಲ್ಪ ದೊಡ್ಡದಿತ್ತು. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸಬೇಕೆಂದು ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯಗಳನ್ನು ಪರಿಷ್ಕರಿಸಿದಾಗ ಇದರಿಂದ ಒಂದು ಭಾಗವನ್ನು ಕೈಬಿಡಲಾಯಿತು. ಕಾರ್ಖಾನೆಯಲ್ಲಿ ಯಾವ ವಸ್ತುವನ್ನು ಎಷ್ಟು ತಯಾರಿಸಬೇಕು, ಕಡಿಮೆ ಖರ್ಚಿನಲ್ಲಿ ಪೌಷ್ಟಿಕ ಆಹಾರ ಹೇಗೆ ಹೊಂದಿಸಬೇಕು, ಯಾವ ಗೋದಾಮಿನಿಂದ ಯಾವ ಊರಿಗೆ ಸರಕು ಸಾಗಿಸಬೇಕು ಎಂಬಂಥ, ಮಾತಿನಲ್ಲಿ ಹೇಳಿದ ಲೆಕ್ಕಗಳ ವಿಭಾಗ ಮತ್ತು ಅದರ ಅಭ್ಯಾಸ ಆ ಭಾಗದಲ್ಲಿದ್ದವು. ನಮ್ಮ ಪದವಿಪೂರ್ವ ವಿಜ್ಞಾನ ತರಗತಿಗಳ ಗಣಿತ ಪಠ್ಯವೂ ಇದೇ ಮೂಲದ್ದು.

ಹೊರೆ ಇಳಿಸುವುದಕ್ಕೆ ನನ್ನ ತಕರಾರಿಲ್ಲ. ಆದರೆ ಇಳಿಸಿದ್ದು ಯಾವುದು, ಉಳಿಸಿಕೊಂಡದ್ದು ಯಾವುದು ಎಂಬುದನ್ನು ಕೊಂಚ ಗಮನಿಸಬೇಕು. ಉಳಿಸಿಕೊಂಡದ್ದು ಗೆರೆ ಎಳೆಯುವ ಮತ್ತು ಮೂಲೆ ಹುಡುಕುವ ಕೆಲಸ. ಅದನ್ನು ಇಂದು ಕೈಯಲ್ಲಿರುವ ಮೊಬೈಲ್ ಫೋನ್ ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತದೆ. ಬಿಟ್ಟುಕೊಟ್ಟದ್ದು ಬದುಕಿನ ಒಂದು ಗೋಜಲನ್ನು ಲೆಕ್ಕದ ರೂಪಕ್ಕೆ ತರುವ ಕೆಲಸ. ಯಾವ ಯಂತ್ರವೂ ನಮ್ಮ ಪರವಾಗಿ ಪೂರ್ತಿ ಮಾಡಲಾರದ ಕೆಲಸವದು. ತರಗತಿಗೆ ಕಂಪ್ಯೂಟರ್ ತಂತ್ರಾಂಶವನ್ನು ತರಬೇಕೇ ಎಂಬ ಚರ್ಚೆಯನ್ನು ಈ ಹಿನ್ನೆಲೆಯಲ್ಲಿ ನಡೆಸಬೇಕೆಂಬುದು ನನ್ನ ಅಭಿಪ್ರಾಯ.

ಹೆಸರಿನ ಹಿಂದಿನ ಕಥೆ

'ಪ್ರೋಗ್ರಾಮಿಂಗ್' ಎಂಬ ಪದ ಕೇಳಿದೊಡನೆ ಇದು ಕಂಪ್ಯೂಟರ್ ವಿಷಯವೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಇಲ್ಲಿ ಆ ಪದದ ಅರ್ಥ ಯೋಜನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ತನ್ನ ಸರಬರಾಜು ಮತ್ತು ತರಬೇತಿಯ ಯೋಜನೆಗಳನ್ನು 'ಪ್ರೋಗ್ರಾಂ' ಎಂದು ಕರೆಯುತ್ತಿತ್ತು. ಆ ಯೋಜನೆಗಳನ್ನು ಲೆಕ್ಕದ ಕ್ರಮಕ್ಕೆ ಒಳಪಡಿಸಲು ಹೊರಟ ಜಾರ್ಜ್ ಡಾಂಟ್ಜಿಗ್ ಎಂಬ ಗಣಿತಜ್ಞ 1947ರಲ್ಲಿ 'ಸಿಂಪ್ಲೆಕ್ಸ್' ವಿಧಾನವನ್ನು ರೂಪಿಸಿದರು. ಅದಕ್ಕೂ ಮೊದಲು, 1939ರಲ್ಲಿ, ಸೋವಿಯತ್ ಒಕ್ಕೂಟದ ಲಿಯೊನಿಡ್ ಕಾಂಟೊರೊವಿಚ್ ಪ್ಲೈವುಡ್ ಉದ್ಯಮವೊಂದರ ಯಂತ್ರಗಳಿಗೆ ಕೆಲಸ ಹಂಚುವ ಪ್ರಶ್ನೆಯಿಂದ ಹೊರಟು ಇದೇ ವಿಚಾರವನ್ನು ತಲುಪಿದ್ದರು. ಒಂದು ಬಂಡವಾಳಶಾಹಿ ದೇಶ, ಇನ್ನೊಂದು ಸಮಾಜವಾದಿ ದೇಶ. ಇರುವ ಸಂಪನ್ಮೂಲ ಸಾಲದು ಎಂಬ ಕಷ್ಟ ಮಾತ್ರ ಎರಡಕ್ಕೂ ಒಂದೇ. ಕಾಂಟೊರೊವಿಚ್ ಮತ್ತು ಟಿ. ಸಿ. ಕೂಪ್‌ಮನ್ಸ್ ಅವರಿಗೆ 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಇದೇ ಸಂಪನ್ಮೂಲ ಹಂಚಿಕೆಯ ಸಿದ್ಧಾಂತಕ್ಕೆ.

ಲೆಕ್ಕದ ಶ್ರಮ ಮೊದಲು ಎಷ್ಟಿತ್ತು ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಒಬ್ಬ ಮನುಷ್ಯ ವರ್ಷವಿಡೀ ಆರೋಗ್ಯವಾಗಿರಲು ಬೇಕಾದ ಪೋಷಕಾಂಶಗಳನ್ನು ಅತಿ ಕಡಿಮೆ ಖರ್ಚಿನಲ್ಲಿ ಪಡೆಯುವುದು ಹೇಗೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಕೇಳಿದರು. ಒಂಬತ್ತು ಪೋಷಕಾಂಶ, 77 ಆಹಾರ ಪದಾರ್ಥ. ಅವರು ಅಂದಾಜಿನ ಮೇಲೆ ಕಂಡುಕೊಂಡ ಉತ್ತರ, 1939ರ ಬೆಲೆಯಲ್ಲಿ, ವರ್ಷಕ್ಕೆ 39.93 ಡಾಲರ್. 1947ರಲ್ಲಿ ಸಿಂಪ್ಲೆಕ್ಸ್ ವಿಧಾನದಿಂದ ಅದೇ ಲೆಕ್ಕ ಮಾಡಿದಾಗ ಬಂದ ನಿಖರ ಉತ್ತರ 39.69 ಡಾಲರ್. ಆ 24 ಸೆಂಟ್ ಉಳಿತಾಯ ಕಂಡುಹಿಡಿಯಲು ಒಂಬತ್ತು ಮಂದಿ ಗುಮಾಸ್ತರು ಮೇಜಿನ ಕ್ಯಾಲ್ಕ್ಯುಲೇಟರ್ ಹಿಡಿದು ದುಡಿದ ಕಾಲ ಒಟ್ಟು 120 ಮಾನವ ದಿನಗಳು.

ನಾನು ಅರ್ಥಶಾಸ್ತ್ರ ಎಂ.ಎ. ಓದಿದ 1980ರ ದಶಕದಲ್ಲಿ ನಮ್ಮ ಪಾಡೂ ಬಹುಮಟ್ಟಿಗೆ ಆ ಗುಮಾಸ್ತರದ್ದೇ. ಮೂರು ಚರಾಂಶ, ಮೂರು ನಿರ್ಬಂಧಗಳ ಲೆಕ್ಕಕ್ಕೆ ಒಂದರ ಕೆಳಗೊಂದು ಸಿಂಪ್ಲೆಕ್ಸ್ ಕೋಷ್ಟಕ ಬರೆದು ಪುಟ ತುಂಬಿಸುತ್ತಿದ್ದೆವು. ಎಲ್ಲೋ ಒಂದು ಕಳೆಯುವ ಚಿಹ್ನೆ ತಪ್ಪಿದರೆ ಮುಂದಿನದೆಲ್ಲ ನೀರುಪಾಲು. ಉತ್ತರ ಬಂದಾಗ ಉಳಿಯುತ್ತಿದ್ದ ಭಾವ ಒಂದೇ, ಸದ್ಯ ಮುಗಿಯಿತಲ್ಲ ಎಂಬುದು. ಆ ಉತ್ತರ ಏನು ಹೇಳುತ್ತಿದೆ ಎಂದು ಕೇಳಲು ಪಿರಿಯಡ್‌ನಲ್ಲಿ ಸಮಯವೇ ಇರುತ್ತಿರಲಿಲ್ಲ. ಅದೇ ದಶಕದಲ್ಲಿ, 1984ರಲ್ಲಿ, ಗ್ವಾಲಿಯರ್‌ನಲ್ಲಿ ಹುಟ್ಟಿ ಮುಂಬೈ ಐಐಟಿಯಲ್ಲಿ ಓದಿದ ನರೇಂದ್ರ ಕರ್ಮರ್ಕರ್ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದುಕೊಂಡು ಬೃಹತ್ ಲೆಕ್ಕಗಳನ್ನು ಬಿಡಿಸುವ ಹೊಸ ವಿಧಾನ ಪ್ರಕಟಿಸಿ ಜಗತ್ತಿನ ಗಮನ ಸೆಳೆದರು. ಇಂದು ಸಾವಿರಾರು ಚರಾಂಶಗಳ ಲೆಕ್ಕವನ್ನು ಸಾಧಾರಣ ಲ್ಯಾಪ್‌ಟಾಪ್ ಸಹ ನಿರಾಯಾಸವಾಗಿ ಬಿಡಿಸುತ್ತದೆ. ಗುಮಾಸ್ತರ ಶ್ರಮ ತಪ್ಪಿದೆ. ಆ ಉಳಿದ ಸಮಯವನ್ನು ತರಗತಿ ಯಾವುದಕ್ಕೆ ಬಳಸಬೇಕು?

ಯಂತ್ರ ಹೇಳಿದ ಪಥ್ಯ

ಉತ್ತರದ ಸುಳಿವು ಡಾಂಟ್ಜಿಗ್ ಅವರೇ ಹೇಳಿಕೊಂಡ ಪ್ರಸಂಗದಲ್ಲಿದೆ. 1950ರ ದಶಕದ ಆರಂಭದಲ್ಲಿ ವೈದ್ಯರು ಅವರಿಗೆ ತೂಕ ಇಳಿಸಲು ಸೂಚಿಸಿದರು. ತಮ್ಮ ಪಥ್ಯವನ್ನು ತಮ್ಮದೇ ವಿಧಾನದಿಂದ ಕಂಪ್ಯೂಟರ್ ನಿರ್ಧರಿಸಲಿ ಎಂದು ಅವರು ಲೆಕ್ಕ ಕಟ್ಟಿದರು. ಹೊಟ್ಟೆ ತುಂಬಿದಂತಿರಬೇಕು, ಆದ್ದರಿಂದ ನೀರಿನಂಶ ಕಳೆದು ಉಳಿಯುವ ಆಹಾರದ ತೂಕ ಗರಿಷ್ಠವಾಗಬೇಕು ಎಂಬುದು ಗುರಿ. ಯಂತ್ರ ಹೇಳಿದ ಪಥ್ಯದಲ್ಲಿ 500 ಗ್ಯಾಲನ್ ವಿನೆಗರ್ ಇತ್ತು! ಮಾಹಿತಿಯ ಪಟ್ಟಿಯಲ್ಲಿ ವಿನೆಗರ್‌ನ ನೀರಿನಂಶ ಸೊನ್ನೆ ಎಂದಿದ್ದುದೇ ಕಾರಣ. ವಿನೆಗರ್ ತೆಗೆದು ಮತ್ತೆ ಕೇಳಿದಾಗ ದಿನಕ್ಕೆ 200 ಸಾರಿನ ಬಿಲ್ಲೆ ತಿನ್ನಿರೆಂದಿತು. ಉಪ್ಪು ಅತಿಯಾಗಬಾರದೆಂಬ ಮಿತಿಯನ್ನು ಯಾರೂ ಹಾಕಿರಲಿಲ್ಲ. ಅದಕ್ಕೆ ಮಿತಿ ಹಾಕಿದರೆ ಸೇರುಗಟ್ಟಲೆ ತೌಡು.

ಗಣಿತಕ್ಕೆ ಅಡಿಪಾಯ ಹಾಕಿದವರ ಅನುಭವವೇ ಹೀಗೆ. ಯಂತ್ರದ ಕೂಡು-ಕಳೆಯುವಿಕೆಯಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಮನುಷ್ಯ ತನಗೆ ಗೊತ್ತಿದ್ದೂ ಹೇಳದೆ ಬಿಟ್ಟ ಸಂಗತಿಯನ್ನು ಅದು ಊಹಿಸಿಕೊಳ್ಳಲಿಲ್ಲ, ಅಷ್ಟೆ. ಈ ಪಾಠವನ್ನು ಕಲಿಯಲು ತಂತ್ರಾಂಶಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗಲಾರರು. ಹತ್ತಿರದ ಉದಾಹರಣೆಯೊಂದನ್ನು ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ.

ಚಕ್ಕುಲಿ ಮತ್ತು ಹಪ್ಪಳ

ಕಾರ್ಕಳದ ಕಡೆಯ ಒಂದು ಮಹಿಳಾ ಸ್ವಸಹಾಯ ಸಂಘವನ್ನು ಊಹಿಸಿಕೊಳ್ಳೋಣ. ಅಂಕಿಗಳು ಲೆಕ್ಕಕ್ಕೆ ಅನುಕೂಲವಾಗುವಂತೆ ನಾನೇ ಇಟ್ಟವು. ಐವರು ಮಹಿಳೆಯರು ದಿನಕ್ಕೆ ಎಂಟು ಗಂಟೆಯಂತೆ ಒಟ್ಟು 40 ಗಂಟೆ ದುಡಿಯುತ್ತಾರೆ. ದಿನದ ಸಾಮಗ್ರಿಗೆ ಅವರ ಕೈಯಲ್ಲಿರುವ ಹಣ 2,500 ರೂಪಾಯಿ. ಒಂದು ಕಿಲೊ ಚಕ್ಕುಲಿಗೆ ಒಂದು ಗಂಟೆಯ ದುಡಿಮೆ, 100 ರೂಪಾಯಿಯ ಸಾಮಗ್ರಿ ಬೇಕು. ಒಂದು ಕಟ್ಟು ಅಕ್ಕಿ ಹಪ್ಪಳಕ್ಕೆ ಎರಡು ಗಂಟೆ, 50 ರೂಪಾಯಿ. ಸಾಮಗ್ರಿಯ ಖರ್ಚು ಕಳೆದು ಕಿಲೊ ಚಕ್ಕುಲಿಗೆ 70 ರೂಪಾಯಿ, ಕಟ್ಟು ಹಪ್ಪಳಕ್ಕೆ 80 ರೂಪಾಯಿ ಉಳಿಯುತ್ತದೆ. ಯಾವುದನ್ನು ಎಷ್ಟು ಮಾಡಬೇಕು?

ಹಪ್ಪಳದಲ್ಲಿ ಹೆಚ್ಚು ಉಳಿಯುವುದರಿಂದ ಬರೀ ಹಪ್ಪಳ ಮಾಡೋಣವೆಂದರೆ 40 ಗಂಟೆಯಲ್ಲಿ 20 ಕಟ್ಟು, ಆದಾಯ 1,600 ರೂಪಾಯಿ. ಬರೀ ಚಕ್ಕುಲಿಯಾದರೆ ಇರುವ ಹಣಕ್ಕೆ 25 ಕಿಲೊ, ಆದಾಯ 1,750. ಗ್ರಾಫ್ ಎಳೆದು ನೋಡಿದರೆ ಎರಡು ಗೆರೆಗಳು ಸಂಧಿಸುವ ಮೂಲೆಯಲ್ಲಿ ಉತ್ತರ ಸಿಗುತ್ತದೆ: 20 ಕಿಲೊ ಚಕ್ಕುಲಿ, 10 ಕಟ್ಟು ಹಪ್ಪಳ, ಆದಾಯ 2,200 ರೂಪಾಯಿ. ಇಲ್ಲಿಯವರೆಗಿನದು ಕೈಲೆಕ್ಕ. ವಿದ್ಯಾರ್ಥಿ ಇದನ್ನು ಕೈಯಿಂದಲೇ ಮಾಡಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಉತ್ತರ ಯಾಕೆ ಮೂಲೆಯಲ್ಲೇ ಸಿಗುತ್ತದೆ ಎಂಬುದು ಗೆರೆ ಎಳೆದವನಿಗಷ್ಟೇ ಮನದಟ್ಟಾಗುತ್ತದೆ.

ಇನ್ನು ಇದೇ ಲೆಕ್ಕವನ್ನು ಸ್ಪ್ರೆಡ್‌ಶೀಟ್‌ಗೆ ಹಾಕೋಣ. ಎಕ್ಸೆಲ್‌ನಲ್ಲಿ 'ಸಾಲ್ವರ್' ಎಂಬ ಸೌಲಭ್ಯ 1990ರ ದಶಕದಿಂದಲೇ ಇದೆ. ಉಚಿತವಾಗಿ ಸಿಗುವ ಲಿಬ್ರೆ ಆಫೀಸ್‌ನಲ್ಲೂ ಇದೆ. ನಾಲ್ಕೈದು ಸಾಲು ತುಂಬಿದರೆ 20 ಮತ್ತು 10 ಎಂಬ ಉತ್ತರ ಬರುತ್ತದೆ. ಅಲ್ಲಿಗೆ ನಿಲ್ಲಿಸಿದರೆ ತಂತ್ರಾಂಶದಿಂದ ಏನೂ ಕಲಿತಂತಾಗಲಿಲ್ಲ. ನಿಜವಾದ ಕಲಿಕೆ ಆರಂಭವಾಗುವುದು ಅಂಕಿಯೊಂದನ್ನು ಬದಲಿಸಿ ಮತ್ತೆ ಕೇಳಿದಾಗ.

ದುಡಿಮೆಯ 40 ಗಂಟೆಯನ್ನು 41 ಮಾಡಿ. ಆದಾಯ 2,230 ರೂಪಾಯಿಗೆ ಏರುತ್ತದೆ. ಅಂದರೆ ಈ ಸಂಘಕ್ಕೆ ಹೆಚ್ಚುವರಿ ಒಂದು ಗಂಟೆಯ ದುಡಿಮೆಯ ಬೆಲೆ 30 ರೂಪಾಯಿ. ಗಂಟೆಗೆ 25 ರೂಪಾಯಿ ಕೇಳುವ ಸಹಾಯಕಿಯನ್ನು ಕರೆಯಬಹುದು, 40 ಕೇಳುವವಳನ್ನು ಕರೆದರೆ ನಷ್ಟ. ಇನ್ನು ಹಣವನ್ನು 2,500ರಿಂದ 2,550 ಮಾಡಿ. ಆದಾಯ 2,220 ಆಗುತ್ತದೆ. ಹೆಚ್ಚುವರಿ 50 ರೂಪಾಯಿ ದಿನಕ್ಕೆ 20 ರೂಪಾಯಿ ತರುತ್ತದೆಂದಾದರೆ ದುಡಿಯುವ ಬಂಡವಾಳಕ್ಕೆ ಸಾಲ ಪಡೆಯುವುದು ಜಾಣತನ. ಅರ್ಥಶಾಸ್ತ್ರದಲ್ಲಿ ಇದನ್ನು 'ಛಾಯಾ ಬೆಲೆ' ಎನ್ನುತ್ತಾರೆ. ಯಾವ ಅಂಗಡಿಯ ಪಟ್ಟಿಯಲ್ಲೂ ಕಾಣದ, ಆದರೆ ಪ್ರತಿ ನಿರ್ಧಾರದ ಹಿಂದೆ ಇರುವ ಬೆಲೆ ಇದು. ನಾವು ಎಂ.ಎ.ಯಲ್ಲಿ ಬಾಯಿಪಾಠ ಮಾಡಿದ ವ್ಯಾಖ್ಯೆಯನ್ನು ಇಂದಿನ ಹದಿನೇಳರ ಹುಡುಗಿ ಎರಡು ನಿಮಿಷದಲ್ಲಿ ಕಣ್ಣಾರೆ ಕಾಣಬಲ್ಲಳು.

ಈಗ ಜೂನ್ ತಿಂಗಳು ಬಂತೆನ್ನಿ. ನಮ್ಮ ಕರಾವಳಿಯ ಮಳೆಯಲ್ಲಿ ಹಪ್ಪಳ ಒಣಗಿಸುವುದೆಲ್ಲಿ? ಮಾಡಿನ ಕೆಳಗೆ ಐದು ಕಟ್ಟಿಗಷ್ಟೇ ಜಾಗ. ಈ ಹೊಸ ಮಿತಿ ಸೇರಿಸಿ ಕೇಳಿದರೆ ಉತ್ತರ ಬದಲಾಗುತ್ತದೆ: ಹಪ್ಪಳ 5 ಕಟ್ಟು, ಚಕ್ಕುಲಿ 22.5 ಕಿಲೊ, ಆದಾಯ 1,975 ರೂಪಾಯಿ. ದುಡಿಮೆಯಲ್ಲಿ 7.5 ಗಂಟೆ ಮಿಗುತ್ತದೆ. ಬೇಸಗೆಯಲ್ಲಿ 30 ರೂಪಾಯಿ ಬೆಲೆಯಿದ್ದ ಹೆಚ್ಚುವರಿ ಗಂಟೆಗೆ ಮಳೆಗಾಲದಲ್ಲಿ ಬೆಲೆ ಸೊನ್ನೆ. ಬದಲಿಗೆ ಇನ್ನೊಂದು ಕಟ್ಟು ಹಪ್ಪಳ ಒಣಗಿಸುವ ಸೌಲಭ್ಯಕ್ಕೆ ದಿನಕ್ಕೆ 45 ರೂಪಾಯಿಯ ಬೆಲೆ ಬಂದಿರುತ್ತದೆ. ಹತ್ತು ಕಟ್ಟಿನವರೆಗೆ ಒಣಗಿಸಬಲ್ಲ ಯಂತ್ರ ತಂದರೆ ದಿನಕ್ಕೆ ಹೆಚ್ಚೆಂದರೆ 225 ರೂಪಾಯಿ ಲಾಭ. ಯಂತ್ರದ ಸಾಲದ ಕಂತು, ವಿದ್ಯುತ್ ಬಿಲ್ಲು ಅದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಸಂಘದವರೇ ತೂಗಿ ನೋಡಬಹುದು. ಮಳೆಗಾಲದಲ್ಲಿ ಆ ಸಂಘಕ್ಕೆ 'ಕೌಶಲ ತರಬೇತಿ' ಕೊಡುವುದು ಉಪಯುಕ್ತವೇ, ಡ್ರೈಯರ್‌ಗೆ ನೆರವು ಕೊಡುವುದು ಉಪಯುಕ್ತವೇ ಎಂದು ಅಧಿಕಾರಿಗಳೂ ತಿಳಿಯಬಹುದು.

ಮಿತಿಯೊಂದನ್ನು ಮರೆತರೆ ಏನಾಗುತ್ತದೆ ಎಂಬುದನ್ನೂ ತರಗತಿಯಲ್ಲಿ ಬೇಕೆಂದೇ ಮಾಡಿ ತೋರಿಸಬೇಕು. ದುಡಿಮೆಯ ಗಂಟೆಗಳ ಸಾಲನ್ನು ಅಳಿಸಿ, ಹಣದ ಮಿತಿಯನ್ನಷ್ಟೇ ಇಟ್ಟು ಕೇಳಿ. ಯಂತ್ರ ತಡವರಿಸದೆ ಹೇಳುತ್ತದೆ: 50 ಕಟ್ಟು ಹಪ್ಪಳ ಮಾಡಿ, ಆದಾಯ 4,000 ರೂಪಾಯಿ. ಅದಕ್ಕೆ ಬೇಕಾದದ್ದು 100 ಗಂಟೆ. ಅಂದರೆ ಐವರು ಮಹಿಳೆಯರು ತಲಾ 20 ಗಂಟೆ ದುಡಿಯಬೇಕು! ನಗು ಬರುವ ಉತ್ತರ. ಆದರೆ ಹೆಂಗಸರ ದುಡಿಮೆಗೆ ಮಿತಿಯೇ ಇಲ್ಲವೆಂದು ಭಾವಿಸಿ ರೂಪುಗೊಂಡ ಯೋಜನೆಗಳನ್ನು ನಾನು ಸೇವೆಯಲ್ಲಿದ್ದಾಗ ಕಂಡಿದ್ದೇನೆ. ಹಣದ ಕಾಲಂ ಇರುತ್ತಿತ್ತು, ಸಮಯದ ಕಾಲಂ ಇರುತ್ತಿರಲಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಈ ನಗುವನ್ನು ನಕ್ಕವರು ಮುಂದೆ ಅಂಥ ಕಡತಕ್ಕೆ ಸಹಿ ಹಾಕುವ ಮೊದಲು ಒಮ್ಮೆ ನಿಂತು ಯೋಚಿಸಿಯಾರು.

ಕೆಲವೊಮ್ಮೆ ಯಂತ್ರ ಉತ್ತರವನ್ನೇ ಕೊಡುವುದಿಲ್ಲ. ದಿನಕ್ಕೆ 20 ಕಿಲೊ ಚಕ್ಕುಲಿ ಮತ್ತು 12 ಕಟ್ಟು ಹಪ್ಪಳ ಕೊಡುತ್ತೇವೆಂದು ಅಂಗಡಿಯವರಿಗೆ ಮಾತು ಕೊಟ್ಟಿದ್ದರೆ, 'ಸಾಧ್ಯವಾದ ಪರಿಹಾರವಿಲ್ಲ' ಎಂಬ ಸಂದೇಶ ಬರುತ್ತದೆ. ಅದಕ್ಕೆ 44 ಗಂಟೆ, 2,600 ರೂಪಾಯಿ ಬೇಕು. ಇರುವುದು 40 ಗಂಟೆ, 2,500 ರೂಪಾಯಿ. ಎಲ್ಲರಿಗೂ ಎಲ್ಲವನ್ನೂ ಕೊಡುತ್ತೇವೆನ್ನುವ ಭರವಸೆಗಳ ನಡುವೆ ಬದುಕುವ ನಮಗೆ, ಕೆಲವು ಬೇಡಿಕೆಗಳು ಒಟ್ಟಿಗೆ ಈಡೇರಲಾರವು ಎಂಬುದನ್ನು ಸಿಟ್ಟಿಲ್ಲದೆ ಹೇಳುವ ಈ ಸಾಲು ಒಂದು ಪೌರಶಿಕ್ಷಣವೇ ಸರಿ.

ಗೆರೆಗೆ ಸಿಗದ ಸಂಗತಿಗಳು

ಈ ವಿಧಾನಕ್ಕೆ ತನ್ನದೇ ಇತಿಮಿತಿಗಳಿವೆ. ಅವನ್ನು ಕಾಣಲು ದೂರ ಹೋಗಬೇಕಿಲ್ಲ. ಕಾಪು ತಾಲ್ಲೂಕಿನ ಶಂಕರಪುರದ ಮಲ್ಲಿಗೆಯನ್ನೇ ನೋಡಿ. ಹೂವಿನ ದರ ದಿನದಿನಕ್ಕೆ ನಿಗದಿಯಾಗುತ್ತದೆ. ಮದುವೆ, ಹಬ್ಬಗಳ ದಿನ ಒಂದು ದರ, ಮರುದಿನ ಇನ್ನೊಂದು. ಎಲ್ಲರ ತೋಟವೂ ಒಟ್ಟಿಗೆ ಅರಳಿದರೆ ದರ ಇಳಿಯುತ್ತದೆ. ಎಷ್ಟು ಮಾರಿದರೂ ಬೆಲೆ ಅಷ್ಟೇ ಎಂಬ ನಮ್ಮ ಸರಳರೇಖೆಯ ನಂಬಿಕೆ ಅಲ್ಲಿ ನಿಲ್ಲುವುದಿಲ್ಲ. ಮಲ್ಪೆಯ ಬೋಟುಗಳ ವಿಷಯ ಇನ್ನೊಂದು ಬಗೆ. ಡೀಸೆಲ್, ಮಂಜುಗಡ್ಡೆ, ಕಡಲಲ್ಲಿ ಕಳೆಯುವ ದಿನಗಳು, ಜೂನ್-ಜುಲೈಯ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧ, ಇವನ್ನೆಲ್ಲ ಮಿತಿಗಳಾಗಿ ಬರೆಯಬಹುದು. ಆದರೆ ಎರಡೂವರೆ ಬೋಟು ಕಳುಹಿಸಿ ಎಂಬ ಉತ್ತರ ಬಂದರೆ ಮಾಡುವುದೇನು? ಪೂರ್ಣಾಂಕದ ಲೆಕ್ಕಕ್ಕೆ ಬೇರೆ ವಿಧಾನ ಬೇಕು. ಮೀನು ಸಿಗುವುದೋ ಇಲ್ಲವೋ ಎಂಬುದಂತೂ ಕಡಲಿಗೆ ಬಿಟ್ಟ ಮಾತು.

ಪಡಿತರದ ಅಕ್ಕಿಯದು ಮೂರನೆಯ ಬಗೆ. ಗೋದಾಮಿನಿಂದ ನ್ಯಾಯಬೆಲೆ ಅಂಗಡಿಗಳಿಗೆ ಧಾನ್ಯ ಸಾಗಿಸುವ ದಾರಿಗಳನ್ನು ಕಡಿಮೆ ಖರ್ಚಿನಲ್ಲಿ ಹೊಂದಿಸುವ 'ಅನ್ನ ಚಕ್ರ' ಎಂಬ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಆರಂಭಿಸಿತು. ವಿಶ್ವ ಆಹಾರ ಕಾರ್ಯಕ್ರಮ ಮತ್ತು ದೆಹಲಿ ಐಐಟಿಯ ಸಹಯೋಗದ ಇದರಿಂದ ವರ್ಷಕ್ಕೆ ಸುಮಾರು 250 ಕೋಟಿ ರೂಪಾಯಿ ಉಳಿತಾಯವಾದೀತೆಂಬುದು ಸರ್ಕಾರದ ಅಂದಾಜು. ನಾವು ಹೇಳುತ್ತಿರುವ ಗಣಿತದ ಬಳಗದ್ದೇ ಕೆಲಸವಿದು, ಸ್ವಾಗತಾರ್ಹ ಕೂಡ. ಆದರೆ ಕರಾವಳಿಯ ಜನ ಉಣ್ಣುವುದು ಕುಚ್ಚಲಕ್ಕಿ. ಪಡಿತರದಲ್ಲಿ ಅದನ್ನೇ ಕೊಡಿ ಎಂಬ ಬೇಡಿಕೆ ಇಲ್ಲಿ ಎಷ್ಟೋ ವರ್ಷಗಳದು. ಸಾಗಣೆ ವೆಚ್ಚದ ಲೆಕ್ಕ ಎಷ್ಟೇ ನಿಖರವಾಗಿದ್ದರೂ 'ಇವರು ಇದನ್ನು ಉಣ್ಣುತ್ತಾರೆಯೇ' ಎಂಬ ಸಾಲನ್ನು ಯಾರಾದರೂ ಬರೆಯದಿದ್ದರೆ ಅದು ಲೆಕ್ಕದೊಳಕ್ಕೆ ಬರುವುದಿಲ್ಲ.

ಹೈನುಗಾರಿಕೆಯಲ್ಲಿ ಈ ಗಣಿತ ಈಗಾಗಲೇ ಹಟ್ಟಿಯ ಬಾಗಿಲಿಗೆ ಬಂದಿದೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ರೂಪಿಸಿದ ಸಮತೋಲಿತ ಪಶು ಆಹಾರ ಕಾರ್ಯಕ್ರಮದ ತಂತ್ರಾಂಶ ದನದ ತೂಕ, ಹಾಲಿನ ಪ್ರಮಾಣ, ಊರಲ್ಲಿ ಸಿಗುವ ಹುಲ್ಲು, ಹಿಂಡಿ, ತೌಡುಗಳ ಬೆಲೆ ಕೇಳಿಕೊಂಡು ಕಡಿಮೆ ಖರ್ಚಿನ ಆಹಾರ ಸೂಚಿಸುತ್ತದೆ. ಅದರ ಒಳಗಿರುವುದು ಲೀನಿಯರ್ ಪ್ರೋಗ್ರಾಮಿಂಗ್. ಸ್ಟಿಗ್ಲರ್ ಮನುಷ್ಯನಿಗೆ ಕೇಳಿದ ಪ್ರಶ್ನೆಯನ್ನು ಇಲ್ಲಿ ದನಕ್ಕೆ ಕೇಳಲಾಗಿದೆ. ಮನೆಯ ಹಟ್ಟಿಯಲ್ಲಿ ದನ ಕಟ್ಟಿಕೊಂಡ ಎಷ್ಟೋ ಮನೆಗಳ ಮಕ್ಕಳು ಕಾಲೇಜಿನಲ್ಲಿ ಇದೇ ಅಧ್ಯಾಯದ ಗೆರೆ ಎಳೆಯುತ್ತಾರೆ. ಎರಡರ ನಡುವೆ ಸಂಬಂಧವಿದೆಯೆಂದು ಅವರಿಗೆ ಹೇಳುವವರಿಲ್ಲ.

ಆಕ್ಷೇಪಗಳು ಮತ್ತು ಸಲಹೆಗಳು

ತಂತ್ರಾಂಶ ಬಂದರೆ ಮಕ್ಕಳು ಕೈಲೆಕ್ಕ ಮರೆಯುತ್ತಾರೆಂಬುದು ಹಿರಿಯ ಅಧ್ಯಾಪಕರ ಆತಂಕ. ಅದರಲ್ಲಿ ಹುರುಳಿದೆ. ಮೊದಲೇ ಸಾಲ್ವರ್ ಕೊಟ್ಟರೆ ಗುಂಡಿ ಒತ್ತುವುದಷ್ಟೇ ಉಳಿಯುತ್ತದೆ. ಆದುದರಿಂದ ಕ್ರಮ ಮುಖ್ಯ. ಪಿಯುಸಿಯಲ್ಲಿ ಎರಡು ಚರಾಂಶಗಳ ಗ್ರಾಫ್ ಕೈಯಿಂದ ಆಗಲಿ, ಪದವಿಯಲ್ಲಿ ಒಂದೆರಡು ಸಿಂಪ್ಲೆಕ್ಸ್ ಕೋಷ್ಟಕಗಳೂ ಕೈಯಿಂದಲೇ ಆಗಲಿ. ವಿಧಾನದ ಒಳಹೂರಣ ತಿಳಿದ ಮೇಲೆ ಹತ್ತನೆಯ ಕೋಷ್ಟಕವನ್ನು ಕೈಯಿಂದ ಬರೆಸುವುದರಲ್ಲಿ ಶಿಕ್ಷಣವಿಲ್ಲ, ಶಿಕ್ಷೆ ಮಾತ್ರ ಇದೆ.

ಸೌಲಭ್ಯವೆಲ್ಲಿದೆ ಎಂಬುದು ಎರಡನೆಯ ಆಕ್ಷೇಪ. ಮಣಿಪಾಲ, ನಿಟ್ಟೆಗಳಂಥ ಕಡೆ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಯಲ್ಲಿ ಲ್ಯಾಪ್‌ಟಾಪ್ ಇದೆ, 'ಆಪರೇಷನ್ಸ್ ರಿಸರ್ಚ್' ಹೆಸರಿನಲ್ಲಿ ಈ ವಿಷಯವೂ ಇದೆ. ಒಳನಾಡಿನ ಪದವಿಪೂರ್ವ ಕಾಲೇಜಿನ ಮಕ್ಕಳಿಗೆ ಅದಿಲ್ಲ. ಆದರೆ ಇದಕ್ಕೆ ಬೇಕಾದ ಜಿಯೊಜಿಬ್ರಾ, ಲಿಬ್ರೆ ಆಫೀಸ್ ಎರಡೂ ಉಚಿತ. ಜಿಯೊಜಿಬ್ರಾ ಫೋನಿನಲ್ಲೂ ನಡೆಯುತ್ತದೆ. ಗೆರೆಯನ್ನು ಬೆರಳಿನಿಂದ ಸರಿಸಿದರೆ ಸಾಧ್ಯವಾದ ಜಾಗ ಹಿಗ್ಗುವುದು, ಕುಗ್ಗುವುದು ಕಣ್ಣಿಗೆ ಕಾಣುತ್ತದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಇಂಥ ಸ್ವತಂತ್ರ ತಂತ್ರಾಂಶಗಳ ಬಳಕೆ ಬಹುಕಾಲದಿಂದ ಇದೆ. ಗಡಿಯಾಚೆ ಕಾಸರಗೋಡಿನಲ್ಲಿ ಆಗುವುದು ಈಚೆ ಉಡುಪಿಯಲ್ಲಿ ಆಗಬಾರದೆಂದೇನಿಲ್ಲ.

ಮೂರನೆಯದು ಹೊಸ ಆಕ್ಷೇಪ. ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳು ಪುಸ್ತಕದ ಮಾತಿನ ಲೆಕ್ಕವನ್ನು ಓದಿ ಅವೇ ಸಮೀಕರಣ ಕಟ್ಟುತ್ತವೆ, ಇನ್ನು ಅದನ್ನೂ ಕಲಿಸುವುದೇಕೆ ಎಂದು ಕೇಳುವವರಿದ್ದಾರೆ. ಪುಸ್ತಕದ ಲೆಕ್ಕವಾದರೆ ಹೌದು. ಅಲ್ಲಿ ಬೇಕಾದ ಅಂಕಿಗಳನ್ನೆಲ್ಲ ಪ್ರಶ್ನೆ ತೆಗೆದವರೇ ಆರಿಸಿ ಜೋಡಿಸಿಟ್ಟಿರುತ್ತಾರೆ. ಸಂಘದ ಮಾಡಿನ ಕೆಳಗೆ ಮಳೆಗಾಲದಲ್ಲಿ ಐದು ಕಟ್ಟಿಗಷ್ಟೇ ಜಾಗವೆಂಬುದು ಯಾವ ಚಾಟ್‌ಬಾಟ್‌ಗೂ ತಾನಾಗಿ ತಿಳಿಯದು. ಅಲ್ಲಿಗೆ ಹೋಗಿ, ಹಪ್ಪಳ ಲಟ್ಟಿಸುವವರನ್ನು ಕೇಳಿದವರು ಅದನ್ನು ಹೇಳಬೇಕು. ಯಂತ್ರಗಳು ಜಾಣವಾದಷ್ಟೂ ಹೀಗೆ ಕೇಳಿ ತಿಳಿಯುವ ಶಕ್ತಿಗೆ ಬೆಲೆ ಹೆಚ್ಚುತ್ತದೆ. ಅದೂ ಒಂದು ಛಾಯಾ ಬೆಲೆಯೇ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಕೈಬಿಟ್ಟಿರುವ ಮಾತಿನ ಲೆಕ್ಕಗಳನ್ನು ಪಿಯುಸಿ ಪಠ್ಯಕ್ಕೆ ಮರಳಿ ತರಬೇಕು. ಹೊರೆಯಾಗುತ್ತದೆಂದರೆ ಗ್ರಾಫಿನ ಅಭ್ಯಾಸಗಳನ್ನು ಅರ್ಧಕ್ಕೆ ಇಳಿಸಲಿ. ಎರಡನೆಯದಾಗಿ, ಈ ಅಧ್ಯಾಯಕ್ಕೆ ಕಂಪ್ಯೂಟರ್ ಕೊಠಡಿಯಲ್ಲಿ ಎರಡು ಪಿರಿಯಡ್ ಮೀಸಲಿಡಬೇಕು. ಇದಕ್ಕೆ ಹೊಸ ಪ್ರಯೋಗಾಲಯ ಬೇಡ, ಇರುವ ಕೊಠಡಿಯ ಬೀಗ ತೆಗೆದರೆ ಸಾಕು. ಮೂರನೆಯದಾಗಿ, ಪರೀಕ್ಷೆ ಬದಲಾಗಬೇಕು. ತಂತ್ರಾಂಶ ಕೊಟ್ಟ ಉತ್ತರವನ್ನು ಪ್ರಶ್ನೆಪತ್ರಿಕೆಯಲ್ಲೇ ಮುದ್ರಿಸಿ, 'ಯಾವ ಮಿತಿಯನ್ನು ಸಡಿಲಿಸಿದರೆ ಹೆಚ್ಚು ಪ್ರಯೋಜನ? ಈ ಉತ್ತರವನ್ನು ಯಾಕೆ ಒಪ್ಪಬಾರದು? ಬಿಟ್ಟುಹೋದ ಮಿತಿ ಯಾವುದು?' ಎಂದು ಕೇಳಬಹುದು. ಪರೀಕ್ಷೆ ಕೇಳದ್ದನ್ನು ನಮ್ಮಲ್ಲಿ ಯಾರೂ ಕಲಿಸುವುದಿಲ್ಲ, ಕಲಿಯುವುದೂ ಇಲ್ಲ. ನಾಲ್ಕನೆಯದು ಜಿಲ್ಲೆಯ ಮಟ್ಟದಲ್ಲೇ ಆಗಬಹುದಾದ ಕೆಲಸ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳು ಒಂದಕ್ಕೊಂದು ದೂರವಿಲ್ಲ. ಇಂಜಿನಿಯರಿಂಗ್ ಮತ್ತು ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳು ಪಿಯು ವಿದ್ಯಾರ್ಥಿಗಳೊಂದಿಗೆ ಸೇರಿ ಹಾಲಿನ ಸೊಸೈಟಿ, ಸ್ವಸಹಾಯ ಸಂಘ, ಗೇರುಬೀಜ ಸಂಸ್ಕರಣಾ ಘಟಕ ಇವುಗಳಲ್ಲಿ ಒಂದಕ್ಕೆ ಹೋಗಿ, ಒಂದೇ ಒಂದು ನಿಜವಾದ ಲೆಕ್ಕವನ್ನು ಕನ್ನಡದಲ್ಲಿ ಬರೆದು ತರಲಿ. ತಂದ ಉತ್ತರವನ್ನು ಅಲ್ಲಿಯ ಜನರ ಮುಂದಿಟ್ಟು ಒಪ್ಪಿಸಲಿ. ಅವರು ಒಪ್ಪದಿದ್ದರೆ ಕಾರಣ ಕೇಳಿ ಬರೆದುಕೊಳ್ಳಲಿ. ಬಿಟ್ಟುಹೋದ ಮಿತಿ ಸಾಮಾನ್ಯವಾಗಿ ಆ ಕಾರಣದಲ್ಲಿರುತ್ತದೆ.

ಈ ನೆಲಕ್ಕೆ ಲೆಕ್ಕ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಸಿಂಡಿಕೇಟ್ ಬ್ಯಾಂಕಾಗಿ ಬೆಳೆದು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸುತ್ತಿತ್ತು. ಬಡವರ ಕೈಯಲ್ಲಿ ಹಣ ನಿಲ್ಲುವುದು ದಿನದ ಲೆಕ್ಕದಲ್ಲಿ, ತಿಂಗಳ ಲೆಕ್ಕದಲ್ಲಲ್ಲ ಎಂಬ ಮಿತಿಯನ್ನು ಅದನ್ನು ಕಟ್ಟಿದವರು ಕಂಡಿದ್ದರು. ಅವರ ಬಳಿ ಕಂಪ್ಯೂಟರ್ ಇರಲಿಲ್ಲ. ಬರೆಯಬೇಕಾದ ಸಾಲು ಯಾವುದೆಂಬುದು ಗೊತ್ತಿತ್ತು.

ಇನ್ನು ಮುಂದೆ ಪಡಿತರದ ಲಾರಿ ಯಾವ ದಾರಿಯಲ್ಲಿ ಬರಬೇಕು, ದನಕ್ಕೆ ಏನು ಹಾಕಬೇಕು, ಯಾವ ಊರಿಗೆ ಬಸ್ಸು ಎಷ್ಟು ಬಾರಿ ಹೋಗಬೇಕು ಎಂಬುದನ್ನೆಲ್ಲ ಇಂಥ ತಂತ್ರಾಂಶಗಳೇ ಸೂಚಿಸುವ ಕಾಲ. 'ಇದು ಅತ್ಯುತ್ತಮ ಪರಿಹಾರ' ಎಂದು ಮುದ್ರಿಸಿದ ವರದಿ ಗ್ರಾಮ ಪಂಚಾಯಿತಿಯ ಮೇಜಿನ ಮೇಲೂ ಬಂದು ಬೀಳಲಿದೆ. ಆಗ ಸಭೆಯಲ್ಲಿ ಕುಳಿತ ಸದಸ್ಯೆಯೊಬ್ಬರು ಎದ್ದು, 'ಯಾರಿಗೆ ಅತ್ಯುತ್ತಮ? ಯಾವ ಯಾವ ಮಿತಿ ಹಾಕಿದ್ದೀರಿ? ನಮ್ಮ ಸಮಯವನ್ನು ಲೆಕ್ಕಕ್ಕೆ ಹಿಡಿದಿದ್ದೀರಾ?' ಎಂದು ಕೇಳುವಂತಾಗಬೇಕು. ಆ ಮೂರು ಪ್ರಶ್ನೆಗಳನ್ನು ಕಲಿಸಲು ದ್ವಿತೀಯ ಪಿಯುಸಿಯ ಆ ಪುಟ್ಟ ಅಧ್ಯಾಯ ಸಾಕು. ಅದರಿಂದ ಕಿತ್ತುಹಾಕಿರುವ ಪುಟಗಳನ್ನು ಮೊದಲು ವಾಪಸು ತರಲಿ. ಕಂಪ್ಯೂಟರ್ ಅದರ ಹಿಂದೆಯೇ ಬರಲಿ.